ಘಟ್ಟಕ್ಕನ ಎರಡನೇ ಭಾಗ

ಟಿವಿಯಲ್ಲಿ ಆಡುವ ಕುಳ್ಳನ ಆಟದ ಒಂದನೇ ಭಾಗವೇ ಚೆನ್ನಾಗಿತ್ತು, ಎರಡನೇ ಭಾಗದಲ್ಲಿ ಕೆಡಿಸಿಬಿಟ್ಟರು ಎನ್ನುವ ಜನ ಇನ್ನೂ ಬದುಕಿದ್ದಾರೆ. ಬೇರೆಲ್ಲೋ ಅಲ್ಲ, ನಮ್ಮ ನ್ಯಾಮತಿಯಲ್ಲೇ ಇದ್ದಾರೆ. ಇಸ್ತ್ರಿ ಅಂಗಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಎಲ್ಲ ತಿಳಿದವರ ಹಾಗೆ ಹೇಳುತ್ತಾರೆ. ಅಂಥವರ ಪಕ್ಕದಲ್ಲಿ ಕೂತು ನಾನು ಚಹಾ ಕುಡಿಯುವುದಿಲ್ಲ. ಲೋಟ ಹಿಡಿದು ಎದ್ದು ಹೋಗಿ ನನ್ನ ಲಗೇಜ್ ಆಟೋದಲ್ಲಿ ಒಬ್ಬನೇ ಕೂತು ಕುಡಿಯುತ್ತೇನೆ. ನಾನು ಓದಿದವನಲ್ಲ. ಜಗಳೂರು ಕಡೆಯ ಹಳ್ಳಿಯವನು, ಮೇಷ್ಟ್ರು ಬಂದ ದಿನ ಶಾಲೆಗೆ ಹೋಗಿ ಬಾರದ ದಿನ ಎಮ್ಮೆ ಕಾದವನು. ಆದರೆ ಯಾವುದು ಆಟ, ಯಾವುದು ಬರೀ ಗದ್ದಲ ಎನ್ನುವುದು ನನಗೆ ಗೊತ್ತು. ಅದನ್ನು ಕಲಿಸಿದವಳು ಘಟ್ಟಕ್ಕ. ಈಗ ಬರೆಯುತ್ತಿರುವುದು ಅವಳ ಬಗ್ಗೆಯೇ.

ಪೂರ್ತಿ ಹೆಸರು ಅಂತರಘಟ್ಟಮ್ಮ. ಸವಳಂಗದ ರಸ್ತೆಯಲ್ಲಿ ಗೊಬ್ಬರದ ಅಂಗಡಿಯ ಪಕ್ಕ ಒಂದು ತಗಡಿನ ಹೋಟೆಲು ಇದೆಯಲ್ಲ, ಅದು ಅವಳದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಇದರ ಮೇಲೆ ಏನಾದರೂ ಕೇಳಿದರೆ ಸಿಗುವುದು ಬೈಗುಳ. ನ್ಯಾಮತಿ ತಾಲೂಕಾದ ಮೇಲೆ ಫೈಲು ಹಿಡಿದುಕೊಂಡು ತಿರುಗುವ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಅಂಥವನೊಬ್ಬ ಒಂದು ದಿನ ಬಂದು, "ಏನಮ್ಮ, ಸಕ್ಕರೆ ಇಲ್ದಿರೋ ಟೀ ಐತಾ?" ಅಂದ.

"ಐತೆ ಬರ್ರಿ. ಆ ನಲ್ಲಿ ಕೆಳಗೆ ಲೋಟ ಹಿಡೀರಿ. ಸಕ್ಕರೆನೂ ಇರಲ್ಲ, ಟೀ ಪುಡಿನೂ ಇರಲ್ಲ."

ಇದು ಘಟ್ಟಕ್ಕ.

ಹೋಟೆಲಿನ ಮೂಲೆಯಲ್ಲಿ ಬೆನ್ನು ಉಬ್ಬಿದ ಹಳೇ ಟಿವಿ ಇದೆ. ಟಿವಿಗೆ ಒಂದು ಡಬ್ಬಿ, ಡಬ್ಬಿಯೊಳಗೆ ಕ್ಯಾಸೆಟ್, ಡಬ್ಬಿಯಿಂದ ಹೊರಟ ಎರಡು ವೈರಿನ ತುದಿಯಲ್ಲಿ ಎರಡು ರಿಮೋಟು. ಬಟನ್ ಒತ್ತಿದರೆ ಹೆಬ್ಬೆರಳುದ್ದದ ಒಬ್ಬ ಕುಳ್ಳ ಟಿವಿಯೊಳಗೆ ಎಡದಿಂದ ಬಲಕ್ಕೆ ಓಡುತ್ತಾನೆ, ಬಂಡೆಯಿಂದ ಬಂಡೆಗೆ ಹಾರುತ್ತಾನೆ, ಕಾಲು ತಪ್ಪಿದರೆ ಗುಂಡಿಗೆ ಬಿದ್ದು ಸಾಯುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಏನು ಹೆಸರೋ, ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಿ ಯಾವ ಕಾಲವಾಯಿತೋ. ನಮಗೆ ಅವನು ಕುಳ್ಳ.

ಒಂದನೇ ಭಾಗದಲ್ಲಿ ಈ ಕುಳ್ಳನ ಕೈಯಲ್ಲಿ ಕತ್ತಿ ಇತ್ತು. ಒಬ್ಬನೇ ಹೋಗುತ್ತಿದ್ದ. ಸೀಮೆಜಾಲಿ ಕಡಿದ ಹಾಗೆ ಎದುರು ಬಂದದ್ದನ್ನೆಲ್ಲ ಕಡಿಯುವುದು, ಹಾರುವುದು, ಮತ್ತೆ ಕಡಿಯುವುದು. ಅಷ್ಟೇ. ಅದಕ್ಕೆ ತಲೆ ಬೇಡ, ಹೆಬ್ಬೆರಳು ಸಾಕು. ಎರಡನೇ ಭಾಗ ಮಾಡಿದ ಪುಣ್ಯಾತ್ಮ ಯಾವ ದೇಶದವನೋ, ಅವನ ಹೊಟ್ಟೆ ತಣ್ಣಗಿರಲಿ, ಕತ್ತಿಯನ್ನು ಕಿತ್ತುಹಾಕಿದ. ಕುಳ್ಳನ ಸೊಂಟಕ್ಕೆ ಒಂದು ಹಗ್ಗ ಕಟ್ಟಿದ. ಹಗ್ಗದ ಇನ್ನೊಂದು ತುದಿಗೆ ಒಬ್ಬ ಕುಳ್ಳಿಯನ್ನು ಕಟ್ಟಿದ. ಇಬ್ಬರು ಕೂತು ಆಡಬೇಕು. ಒಬ್ಬ ಮುಂಚೆ ಹಾರಿದರೆ ಹಗ್ಗ ಜಗ್ಗಿ ಇಬ್ಬರೂ ಗುಂಡಿಗೆ. ಒಬ್ಬ ಹೆದರಿ ನಿಂತರೂ ಇಬ್ಬರೂ ಗುಂಡಿಗೆ. ಮಾತಾಡದೆ, ಕೈ ಸನ್ನೆ ಮಾಡದೆ, ಪಕ್ಕದವರ ಉಸಿರು ನೋಡಿಕೊಂಡು ಹಾರಬೇಕು. ಇದಕ್ಕಿಂತ ದೊಡ್ಡ ಆಟವನ್ನು ಯಾರಾದರೂ ಮಾಡಿದ್ದರೆ ತಂದು ತೋರಿಸಲಿ.

ಆದರೆ ಕತ್ತಿ ಹೋಯಿತೆಂದು ಅಳುವವರ ಕಾಟ ತಪ್ಪಿಲ್ಲ. ಗೊಬ್ಬರದ ಅಂಗಡಿಯ ಪಂಚಾಕ್ಷರಪ್ಪ ಅಂಥವರ ಮುಖಂಡ.

"ನೀನು ಏನೇ ಹೇಳು ಘಟ್ಟಮ್ಮ, ಒಂದನೇದ್ರಾಗೆ ಕತ್ತಿ ಇತ್ತು, ಒಂದು ಗತ್ತಿತ್ತು."

"ನಿಮ್ಮ ಅಂಗಡ್ಯಾಗೂ ಕತ್ತಿ ಐತಲ್ರೀ ಸಾವ್ಕಾರ್ರೆ, ಚೀಲದ ದಾರ ಕುಯ್ಯಾಕೆ. ಹೋಗಿ ಅಲ್ಲೇ ಗತ್ತು ಮಾಡ್ರಿ."

"ಹಂಗಲ್ಲ ಕಣಮ್ಮ—"

"ಹೆಂಗೂ ಅಲ್ಲ. ಒಂದನೇದು ಸನ್ಯಾಸಿ ಆಟ. ಎರಡನೇದು ಸಂಸಾರಸ್ಥರದ್ದು. ಕತ್ತಿ ಹಿಡ್ಕೊಂಡು ಒಬ್ನೇ ಹಾರಾಕೆ ಯಾವ ಕೋತಿಗಾದ್ರೂ ಬರ್ತೈತೆ. ಸೊಂಟಕ್ಕೆ ಇನ್ನೊಬ್ರುನ್ನ ಕಟ್ಕೊಂಡು ಹಾರಿ ತೋರ್ಸ್ರಿ ನೋಡನ."

ಪಂಚಾಕ್ಷರಪ್ಪ ಒಮ್ಮೆ ನನ್ನ ಜೊತೆ ಕೂತು ಹಾರಿ ತೋರಿಸಲು ಹೋದ. ಮೊದಲನೇ ಬಂಡೆಯಲ್ಲೇ ನನ್ನನ್ನೂ ಎಳೆದುಕೊಂಡು ಬಿದ್ದ. ಬಿದ್ದವನು ರಿಮೋಟು ಸರಿಯಿಲ್ಲ ಅಂದ. ನಾನು ಏನಂದೆ ಎನ್ನುವುದು ಬರೆಯುವ ಮಾತಲ್ಲ.

ಈ ತಗಡಿನ ಶೆಡ್ಡು ಮೊದಲು ಹೋಟೆಲಾಗಿರಲಿಲ್ಲ. ಘಟ್ಟಕ್ಕನ ಗಂಡ ತಿಪ್ಪೇರುದ್ರ ಇಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಆಗ ಟಿವಿಗಳು ಸಾಲಾಗಿದ್ದವು, ಹುಡುಗರು ಬಾಗಿಲಿನಾಚೆ ನಿಂತಿರುತ್ತಿದ್ದರು. ಘಟ್ಟಕ್ಕ ಹಿಂದುಗಡೆ ಬಜ್ಜಿ ಕರಿಯುತ್ತಿದ್ದಳು. ಎರಡನೇ ಭಾಗ ಬಂದ ಹೊಸದರಲ್ಲಿ ಒಬ್ಬನಿಗೆ ಜೊತೆಗಾರ ಸಿಗದಿದ್ದರೆ ತಿಪ್ಪೇರುದ್ರ, "ಲೇ ಇವಳೇ, ಸ್ವಲ್ಪ ಕೂತ್ಕೋ ಬಾರೇ" ಎಂದು ಕರೆಯುವನು. ಕೈಯ ಕಡಲೆಹಿಟ್ಟು ಸೆರಗಿಗೆ ಒರೆಸಿಕೊಂಡು ಕೂರುವಳು. ಹಾಗೆ ಕೂತವಳು ಮತ್ತೆ ಏಳಲಿಲ್ಲ. ಮೊಬೈಲು ಬಂತು, ಹುಡುಗರು ಹೋದರು, ಉಳಿದ ಟಿವಿಗಳು ಗುಜರಿಗೆ ಹೋದವು, ತಿಪ್ಪೇರುದ್ರನೂ ಒಂದು ಜ್ವರದಲ್ಲಿ ಹೋದ. ಅವನನ್ನು ನೆನೆಸಿಕೊಂಡಾಗ ಅವಳು ಹೇಳುವುದು ಇಷ್ಟೇ: "ಅವನು ಒಂದನೇ ಭಾಗದೋನಪ್ಪ. ಒಬ್ನೇ ಹಾರಿ ಹೋದ."

ಎರಡನೇ ಭಾಗದಲ್ಲಿ ಗಾಳಿ ಗುಡ್ಡ ಎಂದು ಒಂದು ಸ್ಟೇಜು ಬರುತ್ತದೆ. ಬಲಗಡೆಯಿಂದ ಗಾಳಿ ಬೀಸುತ್ತಲೇ ಇರುತ್ತದೆ, ಹಾರಿದವರನ್ನು ಹಿಂದಕ್ಕೆ ತಳ್ಳುತ್ತದೆ. ಓದಿದವರೆಲ್ಲ ಗಾಳಿ ಬಂದಾಗ ಜೋರಾಗಿ ಬಟನ್ ಒತ್ತುತ್ತಾರೆ. ಬಟನ್ ಒತ್ತಿದರೆ ಗಾಳಿ ನಿಲ್ಲುತ್ತದೆಯೇ? ಘಟ್ಟಕ್ಕ ಚಿಕ್ಕಂದಿನಲ್ಲಿ ಕಂಡವರ ಕಣದಲ್ಲಿ ಜೋಳ ತೂರಿದವಳು. ಮೊರ ಎತ್ತಿ ಹಿಡಿದು ಗಾಳಿ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂದು ಕೆನ್ನೆಯಲ್ಲೇ ತಿಳಿಯುವವಳು. ಟಿವಿಯೊಳಗಿನ ಗಾಳಿಗೂ ಹಾಗೇ ಕಾಯುತ್ತಾಳೆ. ಗಾಳಿ ಮಲಗಿತು ಅನ್ನುವಾಗ "ಹೂಂ" ಅನ್ನುತ್ತಾಳೆ. ಪಕ್ಕದವನು ಹಾರಿದರೆ ಸರಿ. ಹಾರದಿದ್ದರೆ ಅವನ ಜನ್ಮ ಜಾಲಾಡುತ್ತಾಳೆ.

ಗುಡ್ಡ ಇಳಿದರೆ ಗವಿ. ಗವಿಯ ಬಾಯಲ್ಲಿ ಒಂದು ಗಂಟೆ ತೂಗುಬಿದ್ದಿದೆ, ಮುಂದೆ ಒಂದು ಕಲ್ಲಿನ ಬಾಗಿಲು. ಗಂಟೆ ಕಂಡಮೇಲೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಹಾರಿ ತಲೆಯಿಂದ ಗುದ್ದಿ ಢಣ್ ಅನ್ನಿಸಿ ಒಳಗೆ ಹೋಗುವುದು. ಕಲ್ಲಿನ ಬಾಗಿಲು ಸರಿಯುತ್ತದೆ, ಅದರ ಜೊತೆಗೇ ಗವಿಯ ಬಾವಲಿಗಳೆಲ್ಲ ಎದ್ದು ಮೈಮೇಲೆ ಬರುತ್ತವೆ. ನ್ಯಾಮತಿಯ ಅರ್ಧ ಜನ ಸತ್ತದ್ದು ಅಲ್ಲೇ. ಗಂಟೆ ಹೊಡೆದದ್ದಕ್ಕೇ ಬಾಗಿಲು ತೆರೆಯಿತು, ಬಾವಲಿ ಅದರ ಕಂದಾಯ ಎಂದೇ ನಾವೆಲ್ಲ ತಿಳಿದಿದ್ದೆವು. ಆ ಬಾವಲಿಗಳ ನಡುವೆ ಹಗ್ಗ ಜಗ್ಗದ ಹಾಗೆ ಹಾರಿ ಆಚೆ ದಡ ಸೇರುವವರು ಈ ತಾಲೂಕಿನಲ್ಲಿ ಘಟ್ಟಕ್ಕ ಮತ್ತು ಅವಳ ಮಗಳು ಅಂಬಿಕಾ. ನಾನು ಒಮ್ಮೊಮ್ಮೆ.

ಈಗಿನವರು ಆಡುವುದಿಲ್ಲ, ನೋಡುತ್ತಾರೆ. ಇದು ಹೊಸ ರೋಗ. ಯಾವನೋ ಎಲ್ಲೋ ಕೂತು ಆಡಿದ್ದನ್ನು ಮೊಬೈಲಿನಲ್ಲಿ ನೋಡಿ, ನಾನು ಆ ಆಟ ಮುಗಿಸಿದೆ ಅನ್ನುತ್ತಾರೆ. ಪಕ್ಕದ ಮನೆಯವನು ಹೋಳಿಗೆ ತಿನ್ನುವುದನ್ನು ಕಿಟಕಿಯಲ್ಲಿ ನೋಡಿ ತೇಗಿದ ಹಾಗಾಯಿತು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಿರುವಾಗ ಅಂಬಿಕಾ ಇಷ್ಟಪಟ್ಟದ್ದು ಅಂಥವನನ್ನೇ.

ಅಂಬಿಕಾ ಹೊನ್ನಾಳಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ದಿನಾ ಪ್ರೈವೇಟ್ ಬಸ್ಸಿನಲ್ಲಿ ಹೋಗಿಬರುವುದು. ಆ ಬಸ್ಸಿನ ಕಂಡಕ್ಟರ್ ತಿಮ್ಮೇಶ್, ಸಾಸ್ವೆಹಳ್ಳಿಯ ಹುಡುಗ. ಮೊದಲು ಸೀಟು ಹಿಡಿದುಕೊಟ್ಟ, ಆಮೇಲೆ ಮನಸ್ಸು. ಜಾತಿ ಒಂದೇ, ಜಾತಕ ಕೇಳುವವರು ಎರಡೂ ಕಡೆ ಇಲ್ಲ. ಹುಡುಗನ ಅಪ್ಪ ಅವ್ವ ಒಂದು ಭಾನುವಾರ ಹೆಣ್ಣು ನೋಡುವುದಕ್ಕೆ ಬರುತ್ತೇವೆ ಅಂದರು. ಘಟ್ಟಕ್ಕನ ಮನೆ ಅಂದರೆ ಶೆಡ್ಡಿನ ಹಿಂದಿನ ಒಂದು ಕೋಣೆ. ಅಲ್ಲಿ ಕೂರಿಸುವ ಹಾಗಿಲ್ಲ. ಹೋಟೆಲಿನ ಬೆಂಚುಗಳನ್ನೇ ತೊಳೆದು ಸಾಲಾಗಿ ಹಾಕಿದೆವು. ಹೆಣ್ಣಿನ ಕಡೆಯ ಗಂಡಸು ಅಂತ ನಾನು ಒಬ್ಬನೇ. ನನ್ನ ಜಾತಿ ಬೇರೆ, ಆದರೆ ನಾನು ಅವಳನ್ನು ಅಕ್ಕ ಅನ್ನುತ್ತೇನೆ, ಅಂಬಿಕಾ ನನ್ನನ್ನು ಮಾಮ ಅನ್ನುತ್ತಾಳೆ. ಅಷ್ಟು ಸಾಕು.

ಅಂದು ಬೆಳಿಗ್ಗೆ ಅಂಬಿಕಾ ಒಂದು ಹೂವಿನ ಬೆಡ್‌ಶೀಟ್ ತಂದು ಟಿವಿಯ ಮೇಲೆ ಹೊದಿಸಿದಳು.

"ಅವ್ವ, ಇವತ್ತೊಂದಿನ ಇದು ಮುಚ್ಚಿರ್ಲಿ. ಮಾಮ, ನಿನ್ನ ಬಾಯಿನೂ ಮುಚ್ಚಿರ್ಲಿ."

"ನಾನೇನು ಮಾಡ್ದೆ?" ಅಂದೆ.

"ಇನ್ನೂ ಮಾಡಿಲ್ಲ. ನಂಗೆ ಇವನೇ ಬೇಕು. ನೀವಿಬ್ರೂ ಸೇರ್ಕೊಂಡು ಕೆಡಿಸಿದ್ರೆ ನಾನು ಈ ಜನ್ಮದಾಗೆ ನಿಮ್ಮುನ್ನ ಮಾತಾಡ್ಸಲ್ಲ."

ಘಟ್ಟಕ್ಕ ಬೆಡ್‌ಶೀಟಿನ ಅಂಚು ಎಳೆದು ಸರಿಮಾಡಿದಳು. ಮಗಳ ವಿಷಯದಲ್ಲಿ ಅವಳು ಅಷ್ಟು ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬಂದರು. ಅಪ್ಪ ತಿಪ್ಪೇಶಪ್ಪ, ಶಾಲೆಯಲ್ಲಿ ಜವಾನನಾಗಿದ್ದು ರಿಟೈರ್ ಆದವನು, ಹೆಡ್‌ಮಾಸ್ಟರಿಗಿಂತ ಗಂಭೀರವಾಗಿ ನಡೆಯುತ್ತಿದ್ದ. ಬಂದವನೇ ಜೈಭೀಮ್ ಅಂದ. ಅವ್ವ ಅನ್ನಪೂರ್ಣ, ನಗುಮುಖದ ಹೆಂಗಸು, ಕೂತ ಕೂಡಲೇ ಬಜ್ಜಿಗೆ ಕೈ ಹಾಕಿದಳು. ಹಿಂದೆ ತಿಮ್ಮೇಶ್, ಕೂದಲಿಗೆ ಎಣ್ಣೆ, ಬೂಟು, ಕೈಯಲ್ಲಿ ಮೊಬೈಲು. ಅಂಬಿಕಾ ತಟ್ಟೆ ಹಿಡಿದು ಬಂದಳು. ನಾನು ಹಲ್ಲು ಕಚ್ಚಿ ಕೂತಿದ್ದೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಕೆಡಿಸಿದವನು ಆ ಹುಡುಗನೇ.

ಬೆಡ್‌ಶೀಟಿನ ಕೆಳಗೆ ಇಳಿಬಿದ್ದ ವೈರು ಅವನ ಕಣ್ಣಿಗೆ ಬಿತ್ತು.

"ಅತ್ತೆ, ಇದು ಹಗ್ಗದ್ದಲ್ವಾ? ಪಾರ್ಟ್ ಟೂ! ಅಂಬಿಕಾ ಹೇಳಿದ್ಲು. ನಾನು ಇದನ್ನ ಪೂರ್ತಿ ಮುಗಿಸೀನಿ."

ಅತ್ತೆಯನ್ನು ಒಲಿಸಿಕೊಳ್ಳುವುದಕ್ಕೆ ಹೇಳಿದ ಮಾತು. ಅಂಬಿಕಾ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದಳು. ಅವನಿಗೆ ಕಾಣಲಿಲ್ಲ.

ಘಟ್ಟಕ್ಕ ಚಹಾ ಸೋಸುವುದನ್ನು ನಿಲ್ಲಿಸಿದಳು. "ಮುಗಿಸೀಯಾ? ಯಾರ ಜೊತೆ?"

"ಯಾರ ಜೊತೆನೂ ಇಲ್ಲ."

"ಇದು ಒಬ್ರೇ ಆಡೋದಲ್ವಲ್ಲಪ್ಪ."

"ಮೊಬೈಲ್‌ನಾಗೆ ನೋಡೀನಿ. ಯಾರೋ ಆಡಿ ಹಾಕಿದ್ರು. ಪೂರ್ತಿ ನೋಡ್ದೆ."

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಹಂಗಾರೆ ಮದುವೇನೂ ಮೊಬೈಲ್‌ನಾಗೆ ನೋಡಿ ಮುಗಿಸ್ಕೊಂಬಿಡಪ್ಪ! ಛತ್ರದ ಬಾಡಿಗೆನೂ ಉಳೀತೈತೆ!"

"ಮಾಮ!" ಅಂದಳು ಅಂಬಿಕಾ.

ತಿಪ್ಪೇಶಪ್ಪ ನನ್ನತ್ತ ತಿರುಗಿದ. "ಇವ್ರು ಯಾರು?"

"ನಮ್ಮ ಬೋರಣ್ಣ. ಹಂಗೇ ಅವ್ನು, ಕುದಿಯೋ ಎಣ್ಣೆ. ನೀವು ಬಜ್ಜಿ ತಗೋರಿ" ಅಂದವಳೇ ಘಟ್ಟಕ್ಕ ಸೀದಾ ಹೋಗಿ ಬೆಡ್‌ಶೀಟ್ ಎಳೆದಳು. ಕ್ಯಾಸೆಟ್ ತೆಗೆದು ಬಾಯಿಂದ ಊದಿ ಹಾಕಿದಳು. ಒಂದು ರಿಮೋಟು ಮಗಳ ಕೈಗೆ, ಒಂದು ಹುಡುಗನ ಕೈಗೆ. "ನೋಡಿದ್ದು ಸಾಕು. ಆಡು."

ಅಂಬಿಕಾಳ ಬದುಕು ಈಗ ಆ ಹಗ್ಗದ ತುದಿಗೆ ತೂಗುಬಿದ್ದಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆ ಬೂಟಿನವನೊಬ್ಬನನ್ನು ಬಿಟ್ಟು.

ಶುರುವಾಯಿತು. ತಿಮ್ಮೇಶನಿಗೆ ಎಲ್ಲವೂ ಗೊತ್ತು. "ಈಗ ಕಲ್ಲು ಬೀಳ್ತೈತೆ. ಈಗ ಹಾವು ಬರ್ತೈತೆ." ಬಸ್ಸಿನಲ್ಲಿ ಮುಂದಿನ ಸ್ಟಾಪು ಕೂಗುವ ಹಾಗೆ ಕೂಗುತ್ತಿದ್ದ. ಕಲ್ಲು ಅವನು ಹೇಳಿದ ಜಾಗದಲ್ಲೇ ಬಿತ್ತು, ಅವನ ತಲೆಯ ಮೇಲೇ ಬಿತ್ತು. ಹಾವು ಹೇಳಿದ ಹೊತ್ತಿಗೇ ಬಂತು, ಅವನನ್ನೇ ಕಚ್ಚಿತು. ಬಾಯಿಗೆ ತಿಳಿದದ್ದು ಕೈಗೆ ತಿಳಿದಿರಲಿಲ್ಲ. ಪ್ರತಿ ಸಲ ಹಗ್ಗ ಜಗ್ಗಿ ಅಂಬಿಕಾಳೂ ಬೀಳುತ್ತಿದ್ದಳು.

ಅನ್ನಪೂರ್ಣ ಬಜ್ಜಿ ಅಗಿಯುತ್ತಾ ಕೇಳಿದಳು: "ಇದ್ರಾಗೆ ನಮ್ ಹುಡ್ಗ ಯಾವನ್ರೀ?"

"ಮೊದ್ಲು ಸಾಯ್ತಾನಲ್ರೀ, ಅವನೇ" ಅಂದಳು ಘಟ್ಟಕ್ಕ.

"ಅಯ್ಯೋ ಶಿವನೇ" ಎಂದು ಅನ್ನಪೂರ್ಣ ನಕ್ಕಳು. ತಿಪ್ಪೇಶಪ್ಪ ನಗಲಿಲ್ಲ.

ಗಾಳಿ ಗುಡ್ಡದಲ್ಲಿ ಅವನು ಪಟ್ಟ ಪಾಡು ನೋಡಿ ನನಗೆ ಹೊಟ್ಟೆಯೊಳಗೆ ತಂಪಾಯಿತು, ಸುಳ್ಳು ಯಾಕೆ ಹೇಳಲಿ. ಅಂಬಿಕಾಳೇ ಅವನನ್ನು ಮೂಟೆಯ ಹಾಗೆ ಎಳೆದುಕೊಂಡು ಗುಡ್ಡ ದಾಟಿಸಿದಳು. ಗವಿ ಬಂತು. ಅಂಬಿಕಾ ಎಂದಿನಂತೆ ಹಾರಲು ಹೊರಟಳು.

"ಹೊಡೀಬೇಡ! ಗಂಟೆ ಹೊಡೀಬೇಡ!" ತಿಮ್ಮೇಶ್ ಕೂಗಿದ.

ಢಣ್. ಅವಳು ಹೊಡೆದಾಗಿತ್ತು. ಬಾವಲಿಗಳು ಬಂದವು, ಇವನು ಬಿದ್ದ, ಅವಳನ್ನೂ ಎಳೆದ.

"ಹೊಡೀಬೇಡ ಅಂದ್ನಲ್ಲ! ಅದು ಬಾವಲಿ ಎಬ್ಬಿಸೋ ಗಂಟೆ. ವಿಡಿಯೋದಾಗೆ ಒಬ್ರೂ ಹೊಡೆಯಲ್ಲ. ಪಕ್ಕದಾಗೆ ನಡ್ಕಂಡು ಹೋದ್ರೆ ಬಾಗ್ಲು ತಾನೇ ತೆಗೀತೈತೆ."

ನಾನು ಎದ್ದು ನಿಂತೆ. "ಲೋ ಕಂಡಕ್ಟರ್! ನೀನು ಹುಟ್ಟೋಕೆ ಮುಂಚೆ ಈ ಗಂಟೆ ಹೊಡ್ದಿರೋರು ನಾವು. ಹಾರಾಕೆ ಬರ್ದೋನು ಗಂಟೆ ಮೇಲೆ ಹಾಕ್ತೀಯಾ? ಪಂಚಾಕ್ಷರಪ್ಪ ರಿಮೋಟ್ ಮೇಲೆ ಹಾಕ್ದ, ನೀನು ಗಂಟೆ ಮೇಲೆ!"

ತಿಪ್ಪೇಶಪ್ಪನೂ ಎದ್ದ. ಹೆಗಲ ಮೇಲಿನ ಟವೆಲು ಕೊಡವಿದ. "ನಡೀ ಅನ್ನಪೂರ್ಣ. ನಾವು ಹೆಣ್ಣು ನೋಡಾಕೆ ಬಂದೀವೋ ಬೈಸ್ಕಳಾಕೆ ಬಂದೀವೋ?"

"ಕೂತ್ಕೋರಿ" ಅಂದಳು ಘಟ್ಟಕ್ಕ. ದನಿ ಏರಿಸಲಿಲ್ಲ. ತಿಪ್ಪೇಶಪ್ಪ ಕೂರಲಿಲ್ಲ, ಆದರೆ ಹೋಗಲೂ ಇಲ್ಲ. "ಅಂಬಿ, ಇನ್ನೊಂದ್ಸಲ ಹೋಗು. ಹೊಡೀಬೇಡ. ನೋಡೇಬಿಡನ."

ಮತ್ತೆ ಗುಡ್ಡ, ಮತ್ತೆ ಗವಿ. ಅಂಬಿಕಾಳ ಕುಳ್ಳಿ ಗಂಟೆಯ ಕೆಳಗೆ ತಲೆ ತಗ್ಗಿಸಿದ ಹಾಗೆ ನಡೆದು ಹೋದಳು. ಕುಳ್ಳ ಹಿಂದೆ ಹೋದ. ಕಲ್ಲಿನ ಬಾಗಿಲು ಸುಮ್ಮನೆ ಸರಿಯಿತು. ಒಂದು ಬಾವಲಿಯೂ ಏಳಲಿಲ್ಲ. ಬಂಡೆಯಿಂದ ಬಂಡೆಗೆ, ತಿಮ್ಮೇಶನಂಥ ತಿಮ್ಮೇಶನೂ ಆಚೆ ದಡ ಸೇರಿದ.

ಇಷ್ಟು ವರ್ಷ ನಾವು ಸತ್ತದ್ದೆಲ್ಲ ಸುಮ್ಮಸುಮ್ಮನೆ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಸರಿ ಹೇಳಿದ್ದಕ್ಕೇ ಅನ್ನಿಸಿತು.

"ಇಷ್ಟೇನಾ?" ಅಂದಳು ಘಟ್ಟಕ್ಕ.

"ಇಷ್ಟೇ ಅತ್ತೆ" ಎಂದು ನಕ್ಕ ಆ ಮೂರ್ಖ. "ಸುಮ್ನೆ ಹೊಡ್ಕಂಡು ಸಾಯ್ತಿದ್ರಿ ನೀವು."

ಅಂಬಿಕಾ ರಿಮೋಟು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಿಪ್ಪೇಶಪ್ಪನಿಗೆ ಈಗ ಮಗ ಗೆದ್ದ ಹೆಮ್ಮೆ. ಒಂದು ಭಾಷಣದ ದನಿ ತೆಗೆದ.

"ಬಿಡಮ್ಮ, ಒಳ್ಳೇದೇ ಆತು. ಗಂಟೆ, ಗುಡಿ ಇವೆಲ್ಲ ನಮ್ಮದಲ್ಲ. ನಮ್ಮನ್ನ ಹೊರಗೆ ನಿಲ್ಸಿದ ಗಂಟೆ ಅದು. ನಾವು ಅದನ್ನೆಲ್ಲ ಬಿಟ್ಟು ಬಂದೋರು. ನೀನೂ ಬಿಟ್ಬಿಡು."

ಘಟ್ಟಕ್ಕ ಅವನನ್ನು ಒಂದು ಗಳಿಗೆ ನೋಡಿದಳು, ಸಕ್ಕರೆಯಿಲ್ಲದ ಟೀ ಕೇಳಿದವನನ್ನು ನೋಡಿದ ಹಾಗೆ.

"ನೀವು ಬಿಟ್ಟು ಬಂದ್ರಿ, ಸಂತೋಷ. ಬಿಡ್ಬೇಕು ಅಂದ್ರೆ ಮೊದ್ಲು ಕೈಗೆ ಸಿಗ್ಬೇಕಲ್ರೀ. ನಮ್ಮೂರಾಗೆ ನಮ್ಮಪ್ಪ ಗುಡಿ ಕಟ್ಟಾಕೆ ಕಲ್ಲು ಹೊತ್ತಾನೆ. ನಾನು ಸಣ್ಣೋಳಿದ್ದಾಗ ಒಂದ್ಸಲ ಓಡಿ ಹೋಗಿ ಗಂಟೆಗೆ ಕೈ ಎತ್ತಿದ್ದೆ. ಮುಟ್ಟಿರ್ಲಿಲ್ಲ, ಎತ್ತಿದ್ದೆ ಅಷ್ಟೇ. ನಮ್ಮಪ್ಪಂಗೆ ಊರ ಮುಂದೆ ದಂಡ ಹಾಕಿ, ಕಾಲಿಗೆ ಬೀಳ್ಸಿದ್ರು. ಆಮೇಲೆ ಈ ಟಿವಿಯಾಗೆ ಒಂದು ಗಂಟೆ ಕಾಣ್ತು. ಇಲ್ಲಿ ದೇವ್ರಿಲ್ಲ, ಪೂಜಾರಿಲ್ಲ, ಗೌಡ್ರಿಲ್ಲ. ಬಾವಲಿ ಅಷ್ಟೇ. ಬರ್ಲಿ ಬಿಡು ಅಂತ ಹೊಡ್ದೆ. ಬಾಗ್ಲು ತಾನೇ ತೆಗೀತೈತೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಹೊಡೀತಿದ್ದೆ. ನಾಳೆನೂ ಹೊಡೀತೀನಿ. ನಿಮ್ಮ ವಿಡಿಯೋದೋನು ತಲೆ ತಗ್ಸಿ ಹೋಗ್ಲಿ, ಅವನಿಗೆ ಅಭ್ಯಾಸ ಇರ್ಬೇಕು."

ಅವಳ ಹೋಟೆಲಿನ ಚಹಾ ಕುಡಿದೇ ನನಗೆ ಹೊಟ್ಟೆ ಬಂದಿದೆ. ಆದರೂ ಈ ಮಾತು ನಾನು ಕೇಳಿದ್ದು ಅಂದೇ. ನನ್ನ ಜಾತಿಯವರೂ ಜಗಳೂರು ಕಡೆಯ ಊರುಗಳಲ್ಲಿ ಗುಡಿಯ ಮೆಟ್ಟಿಲ ಮೇಲೆ ಮೀಸೆ ತಿರುವಿಕೊಂಡು ಕೂತವರೇ. ನಾನು ನಿಂತಿದ್ದವನು ಬೆಂಚಿನ ಮೇಲೆ ಕೂತೆ.

ಅನ್ನಪೂರ್ಣ ತಟ್ಟೆ ಬದಿಗಿಟ್ಟಳು. ಗಂಡನ ಅಂಗಿ ಹಿಡಿದು ಜಗ್ಗಿದಳು. "ಕೂತ್ಕೋರೀ ಸುಮ್ನೆ. ಭಾಷಣ ಮಾಡಾಕೆ ಬಂದ್ರು ದೊಡ್ಡದಾಗಿ." ತಿಪ್ಪೇಶಪ್ಪ ಕೂತ. ಟವೆಲು ಮಡಚಿ ತೊಡೆಯ ಮೇಲಿಟ್ಟುಕೊಂಡ. ಅವನ ಹೆಡ್‌ಮಾಸ್ಟರ್ ಗಾಂಭೀರ್ಯ ಎಲ್ಲಿಗೋ ಹೋಗಿತ್ತು.

ತಿಮ್ಮೇಶ್ ತಲೆ ತಗ್ಗಿಸಿ ಬೂಟು ನೋಡುತ್ತಿದ್ದ. ಈಗ ಏನಾದರೂ ಒಂದು ಬುದ್ಧಿಮಾತು ಹೇಳುತ್ತಾನೆ, ಹೇಳಿದರೆ ಎತ್ತಿ ರಸ್ತೆಗೆ ಎಸೆಯುತ್ತೇನೆ ಎಂದು ನಾನು ಕಾಯುತ್ತಿದ್ದೆ. ಅವನು ಹೇಳಲಿಲ್ಲ. ಬೂಟು ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದ, ಬರಿಗಾಲಲ್ಲಿ ನೆಲದ ಮೇಲೆ ಚ‌ಕ್ಕಳಮಕ್ಕಳ ಹಾಕಿ ಕೂತ. ಅಂಬಿಕಾ ಕೆಳಗಿಟ್ಟ ರಿಮೋಟನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಬಾ. ಮೊದ್ಲಿಂದ ಹೋಗಾನ. ಈ ಸಲ ನಾನು ಹೊಡೀತೀನಿ."

"ನಿಂಗೆ ಬಾವಲಿ ದಾಟಾಕೆ ಬರಲ್ಲ" ಅಂದಳು ಅಂಬಿಕಾ.

"ಬರಲ್ಲ. ಕಲೀತೀನಿ."

ಹೋದರು. ಗವಿಯ ಬಾಯಲ್ಲಿ ಅವನು ಹಾರಿದ. ತಪ್ಪಿತು. ಮತ್ತೆ ಹಾರಿದ, ಮತ್ತೆ ತಪ್ಪಿತು. ಗಂಟೆ ಹೊಡೆಯುವುದಕ್ಕೂ ಬಾರದ ಗಂಡು! ಕೊನೆಗೆ ಹೇಗೋ ಢಣ್ ಅಂತು. ಬಾವಲಿ ಬಂದವು, ಸತ್ತ. ಮತ್ತೆ ಹೋದ, ಮತ್ತೆ ಹೊಡೆದ, ಮತ್ತೆ ಸತ್ತ. ಘಟ್ಟಕ್ಕ ಒಲೆಯ ಹತ್ತಿರ ನಿಂತು ಬೈಯುತ್ತಿದ್ದಳು: "ಅಯ್ಯೋ ನಿನ್ನ ಕೈ ಸೇದಿಹೋಗ! ಅವಳು ಉಸಿರು ಹಿಡಿದಾಗ ಹಾರೋ! ಟಿವಿ ನೋಡ್ಬೇಡ, ಅವಳ್ನ ನೋಡು!" ಅವನು ಅವಳನ್ನು ನೋಡಿದ. ನೋಡುತ್ತಾ ಬಿದ್ದ. ಅನ್ನಪೂರ್ಣ ಬಾವಲಿ ಬಂದಾಗಲೆಲ್ಲ ಕಾಲು ಮೇಲೆತ್ತಿಕೊಳ್ಳುತ್ತಿದ್ದಳು.

ಘಟ್ಟಕ್ಕ ಚಹಾದ ಲೋಟ ತಂದು ತಿಪ್ಪೇಶಪ್ಪನ ಮುಂದಿಟ್ಟಳು.

"ಕೈ ಇಲ್ಲ ನಿಮ್ಮ ಹುಡ್ಗಂಗೆ."

"ಹೂಂ" ಅಂದ ತಿಪ್ಪೇಶಪ್ಪ.

"ಬಾಯಿ ಜಾಸ್ತಿ."

"ಅದು ನಂದೇ."

"ಹಗ್ಗ ಅಂದ್ರೆ ಏನು ಅಂತ ತಿಳೀದು."

ತಿಪ್ಪೇಶಪ್ಪ ಲೋಟ ಕೆಳಗಿಟ್ಟ. ಸಂಬಂಧ ಮುರಿಯಿತು ಅಂದುಕೊಂಡ ಅಂತ ಕಾಣುತ್ತದೆ. ಅಂಬಿಕಾಳ ಕಿವಿ ಈ ಕಡೆಗೇ ಇತ್ತು. ಅವಳ ಕುಳ್ಳಿ ಬಂಡೆಯ ಮೇಲೆ ಅಲ್ಲಾಡದೆ ನಿಂತುಬಿಟ್ಟಿದ್ದಳು, ಇಬ್ಬರೂ ಬಿದ್ದರು.

"ಆದ್ರೆ ನೋಡ್ರಿ" ಅಂದಳು ಘಟ್ಟಕ್ಕ, "ಅವಾಗಿಂದ ಬೀಳ್ತಾನೇ ಅವ್ನೆ. ಈಗ ಬಿದ್ದಿದ್ದು ನಮ್ಮ ಹುಡ್ಗಿ ತಪ್ಪು. ಬೂಟು ಬಿಚ್ಚಿ ಕೂತ ಮೇಲೆ ಒಂದ್ಸಲನಾದ್ರೂ ಅವಳ ಮೇಲೆ ಹಾಕಿದ್ನಾ? ಇಲ್ಲ. ಅಷ್ಟು ಇದ್ರೆ ಉಳಿದಿದ್ದು ಹೊಡೆದು ಬಡಿದು ಕಲಿಸ್ಬೋದು. ಅನ್ನಪೂರ್ಣಮ್ಮ, ಎಲೆ ಅಡಿಕೆ ತಗೋರಿ. ಬೋರಣ್ಣ, ಮುಖ ಏನ್ ನೋಡ್ತೀಯ, ತಟ್ಟೆ ಕೊಡು."

ನಾನು ಕೊಟ್ಟೆ. ಮನಸ್ಸಿಲ್ಲದೆ ಕೊಟ್ಟೆ ಎಂದು ಇಲ್ಲಿ ಬರೆದಿಡುತ್ತೇನೆ. ಗಾಳಿ ಗುಡ್ಡ ದಾಟಲಾರದವನಿಗೆ ಹೆಣ್ಣು ಕೊಡುವುದು ನನಗೆ ಇವತ್ತಿಗೂ ಸರಿಕಂಡಿಲ್ಲ. ಆದರೆ ಅನ್ನಪೂರ್ಣ ಆಗಲೇ ಎದ್ದು ಘಟ್ಟಕ್ಕನನ್ನು ತಬ್ಬಿಕೊಂಡಿದ್ದಳು, ತಿಪ್ಪೇಶಪ್ಪ ಕ್ಯಾಲೆಂಡರ್ ಎಲ್ಲಿದೆ ಎಂದು ಗೋಡೆ ಹುಡುಕುತ್ತಿದ್ದ.

ಅಂಬಿಕಾ ರಿಮೋಟು ಕೆಳಗಿಟ್ಟಳು. ಕಣ್ಣು ಒರೆಸಿಕೊಂಡು ಪಕ್ಕದವನ ಭುಜ ತಟ್ಟಿದಳು.

"ರೀ, ಆತಂತೆ. ಏಳ್ರಿ."

"ಇರು ಇರು" ಅಂದ ಅವನು, ಟಿವಿಯಿಂದ ಕಣ್ಣು ಕೀಳದೆ. "ಇನ್ನೊಂದ್ಸಲ. ರಿಮೋಟ್ ತಗೋ."

ಎಡಗಡೆಯಿಂದ ಬಂದ ಬಾವಲಿಯನ್ನು ಆ ಮೂರ್ಖ ಆಗಲೂ ನೋಡಲಿಲ್ಲ.